ಸತ್ತ ಮೇಲೆ ಜಕ್ಕಪ್ಪ ಜಮಖಂಡಿಗೆ ಹೋಗಿಬಂದದ್ದು

ದೊಡ್ಡಪ್ಪ ಸತ್ತಿದ್ದಾನೆ ಎಂಬ ಒಂದೇ ಮಾತನ್ನು ಉಮಾಶ್ರೀ ಆ ದಿನ ಎಷ್ಟು ಮಂದಿಗೆ, ಎಷ್ಟು ಸಲ ಹೇಳಿದಳೋ ಅವಳಿಗೇ ನೆನಪಿಲ್ಲ. ಮೊದಲ ಸಲ ಹೇಳಿದ್ದು ಬೆಳಿಗ್ಗೆ ಏಳರ ಹೊತ್ತಿಗೆ, ತುಬಚಿ ಹಳ್ಳಿಯ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ. ಜಮಖಂಡಿಯಿಂದ ಸ್ಕೂಟಿ ಹೊಡೆದುಕೊಂಡು ಬಂದವಳು ಚಪ್ಪಲಿ ಬಿಟ್ಟು ನೇರ ಹಾಸಿಗೆಯ ಹತ್ತಿರ ಹೋಗಿ ಕುಳಿತಿದ್ದಳು. ಮುದುಕನ ಕಣ್ಣಿನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದಳು. ಕೊರಳಿನ ನಾಡಿ ಹಿಡಿದಳು. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು, ಗಡಿಯಾರ ನೋಡುತ್ತ ಪೂರ್ತಿ ಎರಡು ನಿಮಿಷ ಕಿವಿಗೊಟ್ಟಳು. ಹದಿನೆಂಟು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸು ಅವಳು. ಇಂಥ ಎದೆಗಳನ್ನು ಬಹಳ ಕೇಳಿದ್ದಳು.

"ಹೋಗ್ಯಾನ ದೊಡ್ಡವ್ವಾ," ಎಂದಳು.

ಸಾತವ್ವ ಗಂಡನ ಕಾಲ ಬಳಿ ಕೂತಿದ್ದಳು. ಅಳಲಿಲ್ಲ. "ಪೂನಿಗೆ ಫೋನ್ ಹಚ್ಚ," ಎಂದಳು ಅಷ್ಟೆ.

ಪೂನಮ್ ಅಂದರೆ ಜಕ್ಕಪ್ಪನ ಕೊನೆಯ ಮಗಳು. ಆರು ವರ್ಷದ ಹಿಂದೆ ತೇರದಾಳದ ಜೈನರ ಹುಡುಗ ಅಭಿನಂದನನನ್ನು ಮೆಚ್ಚಿ ಮದುವೆಯಾಗಿ ಪುಣೆಗೆ ಹೋದವಳು. ಅವತ್ತಿನಿಂದ ಅಣ್ಣಂದಿರಿಬ್ಬರೂ ಅವಳ ಹೆಸರು ಎತ್ತಿದರೆ ಊಟದ ತಾಟು ಸರಿಸಿ ಏಳುತ್ತಿದ್ದರು. ಜಕ್ಕಪ್ಪ ಮಾತ್ರ ಉಬ್ಬಸ ತೋರಿಸಿಕೊಳ್ಳಲು ಜಮಖಂಡಿಗೆ ಬಂದಾಗಲೆಲ್ಲ, ಆಸ್ಪತ್ರೆಯ ಬಾಕಿನ ಮೇಲೆ ಕೂತು, "ಉಮಾ, ಆ ಹುಡಿಗಿಗೆ ಫೋನ್ ಹಚ್ಚ" ಎನ್ನುತ್ತಿದ್ದ. ಮಗಳ ಕೂಡ ಐದು ನಿಮಿಷ ಮಾತಾಡಿ, ಮನೆಯಲ್ಲಿ ಹೇಳಬೇಡ ಎಂದು ಕೈಸನ್ನೆ ಮಾಡುತ್ತಿದ್ದ.

ಉಮಾಶ್ರೀ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು. ಆ ಕಡೆಯಿಂದ ಅಳುವಿನ ನಡುವೆ ಒಂದೇ ಮಾತು ಬಂತು: "ಹೊಂಟೇನಿ ಉಮಕ್ಕಾ. ನಾ ಬರೂತನಕ ಇಡ್ರಿ."

ಆ ಮಾತನ್ನು ಹಿರಿಯ ಮಗ ಮಹಾಲಿಂಗನ ಮುಂದಿಟ್ಟರೆ ಅವನು ತಲೆ ಎತ್ತಲೂ ಇಲ್ಲ. "ಪುಣೆದಿಂದ ಬರಬೇಕಂದ್ರ ಸಂಜೀನ ಆಕ್ಕೈತಿ. ಅಲ್ಲಿತನಕ ಹೆಣಾ ಇಟಗೊಂಡ ಕುಂದ್ರಾಕ ಆಗೂದಿಲ್ಲ. ಹನ್ನೆರಡಕ್ಕ ಮಣ್ಣ," ಎಂದು ಕುಣಿ ತೋಡಿಸಲು ಹೊಲದ ಕಡೆ ನಡೆದ. ಕಿರಿಯವ ಶಶಿಕಾಂತ ಬನಹಟ್ಟಿಯಲ್ಲಿ ಮಗ್ಗ ನಡೆಸುವವನು. ಅಣ್ಣ ಹೇಳಿದ್ದಕ್ಕೆ ಹೂಂಗುಟ್ಟಿ, ಬಂಧುಗಳಿಗೆಲ್ಲ ಫೋನು ಮಾಡುತ್ತ ಅಂಗಳದಲ್ಲಿ ತಿರುಗಾಡುತ್ತಿದ್ದ.

ಹನ್ನೊಂದರ ಸುಮಾರಿಗೆ ಹೆಣಕ್ಕೆ ನೀರು ಹಾಕಿದರು. ಇವರ ಮನೆತನದಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುವ ಪದ್ಧತಿ. ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಹೊಸ ಕಂಬಳಿ ಹೊದಿಸಿ, ನಾಲ್ಕು ಮಂದಿ ಬಗಲಿಗೆ ಕೈ ಹಾಕಿ ಎತ್ತಿ ಗೋಡೆಗೆ ಆನಿಸಿ ಕೂಡಿಸಲು ಹೋದರು. ದೇಹ ನೆಟ್ಟಗಾಗಿ ಹೊಟ್ಟೆ ಮಡಚಿತು ನೋಡಿ, ಜಕ್ಕಪ್ಪನ ಬಾಯಿಂದ "ಹಾ...ಆಂ..." ಎಂದು ಉದ್ದನೆಯ ದನಿ ಹೊರಬಿತ್ತು.

ನಾಲ್ವರೂ ಕೈಬಿಟ್ಟರು. ಹೆಣ ಮಗ್ಗುಲಿಗೆ ವಾಲಿತು. ಅಂಗಳದಲ್ಲಿ ನಡೆದಿದ್ದ ಭಜನೆ ನಿಂತಿತು. ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಅಂಗಳಕ್ಕೆ ಓಡಿದರು.

"ಗಾಳಿ! ಗಾಳಿ ಅದು!" ಎಂದು ಉಮಾಶ್ರೀ ಕೂಗಿದಳು. "ಎದಿಯಾಗ ಉಳದ ಗಾಳಿ ಗಂಟಲದಾಗ ಹಾದ ಬಂದೈತಿ. ಎತ್ತಿದಾಗ ಹೊಟ್ಟಿ ಒತ್ತತೈತಿ, ಸಪ್ಪಳ ಆಕ್ಕೈತಿ. ನಮ್ಮ ವಾರ್ಡಿನ್ಯಾಗ ಇದು ಹೊಸಾದಲ್ಲ."

ಅವಳ ಮಾತು ಮುಗಿಯುವ ಮೊದಲೇ ಸಾತವ್ವ ಎದೆ ಬಡಿದುಕೊಂಡು ಎದ್ದಿದ್ದಳು. "ನನ್ನ ಕರದಾ! ಸಾತಾ ಅಂತ ಕರದಾ! ಜೀವ ಐತಿ, ಇನ್ನ ಜೀವ ಐತೆಪ್ಪೋ!"

ಅಷ್ಟು ಸಾಕಾಯಿತು. ಶಶಿಕಾಂತ ಶಾಸ್ತ್ರವನ್ನೆಲ್ಲ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ, ದನಿ ಅದರಲ್ಲಿ ಚೆನ್ನಾಗಿಯೇ ಬಿದ್ದಿತ್ತು. ಅವನು ಅದನ್ನು ಮತ್ತೆ ಮತ್ತೆ ಹಚ್ಚಿ, ಕಿವಿಗೆ ಹಿಡಿದು, "ಸಾ ಅಂತ ಸ್ಪಷ್ಟ ಕೇಳತೈತಿ" ಎಂದ. ಪಕ್ಕದ ಮನೆಯ ಯಮನಪ್ಪ ಕಾಕಾ ತಾನೂ ಕಿವಿಗೊಟ್ಟು, "ಸಾ ಅಲ್ಲೋ, ಆ ಅಂದಂಗ ಐತಿ. ಆದ್ರ ಮನಷ್ಯಾನ ದನೀನ ಇದು," ಎಂದು ತೀರ್ಪು ಕೊಟ್ಟ.

"ಮನಷ್ಯಾನ ಗಂಟಲದಾಗಿಂದ ಬಂದ್ರ ಮನಷ್ಯಾನ ದನೀನ ಬರತೈತಿ ಕಾಕಾ, ಎಮ್ಮಿ ದನಿ ಬರತೈತೇನು?" ಎಂದಳು ಉಮಾಶ್ರೀ.

"ದವಾಖಾನಿಗೆ ಒಯ್ಯೂಣು," ಎಂದ ಶಶಿಕಾಂತ.

"ಶಶಿ, ನಾ ನೋಡೇನಿ. ನಾಡಿ ಇಲ್ಲ, ಎದಿಬಡಿತ ಇಲ್ಲ, ಕಣ್ಣಿನ ಗುಡ್ಡಿ ಬೆಳಕಿಗೆ ಸಣ್ಣ ಆಗವಲ್ದು. ನಾಕ ತಾಸ ಆತು. ಮೈ ಮುಟ್ಟಿ ನೋಡ, ತಣ್ಣಗ ಆಗೇತಿ."

"ನೀರ ಹಾಕೀವಿ, ತಣ್ಣಗ ಇರೂದ. ಯಕ್ಕಾ, ಸಿಟ್ಟಾಗಬ್ಯಾಡ, ನೀ ಡಾಕ್ಟರ ಏನ ಅಲ್ಲಲ್ಲ."

ಆ ಮಾತು ಅವಳಿಗೆ ನಾಟಿತು. ಇದೇ ಮನೆಯ ಮೊಮ್ಮಕ್ಕಳ ಹೆರಿಗೆಗೆ, ಇದೇ ಶಶಿಕಾಂತನ ಡೆಂಗಿ ಜ್ವರಕ್ಕೆ ಅವಳು ಡಾಕ್ಟರಿಗಿಂತ ಮೇಲಾಗಿದ್ದಳು. ಮಹಾಲಿಂಗ ಹೊಲದಿಂದ ಓಡಿಬಂದ. ತಾಯಿಯ ಅವತಾರ ನೋಡಿ ಅವನಿಗೂ ಧೈರ್ಯ ಸಾಲದಾಯಿತು. "ಜೀವ ಇದ್ದಾಂವನ್ನ ಹೂಳಿದ್ರು ಅಂತ ನಾಳೆ ಊರ ಮಂದಿ ಅಂದ್ರ?" ಎಂದ. ಆಂಬ್ಯುಲನ್ಸ್ ಬಂತು.

ಅದರ ಡ್ರೈವರ್ ಹಾಲೇಶ ಉಮಾಶ್ರೀಗೆ ಪರಿಚಯದವನೇ. ಸ್ಟ್ರೆಚರ್ ಒಳಗೆ ಬರುವಾಗ ಹೆಣದ ಮುಖ ನೋಡಿದ, ಅವಳ ಮುಖ ನೋಡಿದ. ಅವಳು ಏನೂ ಕೇಳಬೇಡ ಎಂಬಂತೆ ಕೈ ಆಡಿಸಿದಳು. ಸಾತವ್ವ, ಶಶಿಕಾಂತ, ಯಮನಪ್ಪ ಕಾಕಾ ಅವಳ ಜೋಡಿ ಗಾಡಿ ಹತ್ತಿದರು.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಹಾಲೇಶ ಒಂದು ರೋಡ್ ಹಂಪಿನ ಮೇಲೆ ನಿಧಾನ ದಾಟಿಸಿದ್ದೇ ತಡ, ಹಿಂದಿನಿಂದ ಶಶಿಕಾಂತ, "ನಿಧಾನ ಯಾಕ ಹೊಡೀತೀಯೋ? ಜೋರ ಹಾರಿಸು. ಎಲ್ಲ್ಯೋ ಒಬ್ಬ ಮುದುಕ ಹಂಪಿನ ಮ್ಯಾಲ ಗಾಡಿ ಜಿಗದ ಕೂಡಲೆ ಎದ್ದ ಕುಂತನಂತ, ವಿಡಿಯೋ ನೋಡೇನಿ," ಎಂದ.

"ಏನ್ರಿ ಸಿಸ್ಟರ್, ಹಾರಿಸಲೇನ್ರಿ?" ಎಂದ ಹಾಲೇಶ.

"ಹಾರಿಸಪಾ. ಬದುಕಿದವ್ರದ ಬೆನ್ನ ಮುರದ್ರೂ ಆಗಲಿ," ಎಂದಳು ಉಮಾಶ್ರೀ.

ಹಾಲೇಶ ಹಾರಿಸಿದ. ಮುಂದಿನ ಹಂಪಿಗೆ ಯಮನಪ್ಪ ಕಾಕಾನ ತಲೆ ಗಾಡಿಯ ಚಾವಣಿಗೆ ಬಡಿಯಿತು, ಜಕ್ಕಪ್ಪನ ತಲೆ ಆಚೆಯಿಂದ ಈಚೆಗೆ ಹೊರಳಿತು. "ಮಾರಿ ತಿರುವಿದ!" ಎಂದ ಶಶಿಕಾಂತ. ಸಾತವ್ವ ಸೆರಗಿನಡಿಯಿಂದ ಕೃಷ್ಣೆಯ ನೀರಿನ ತಂಬಿಗೆ ತೆಗೆದು, ಉಮಾಶ್ರೀ ಬೇಡ ಬೇಡ ಎನ್ನುವುದರೊಳಗೆ ಗಂಡನ ಬಾಯಿಗೆ ಎರಡು ಗುಟುಕು ಸುರಿದಳು. ನೀರು ಗಂಟಲಲ್ಲಿ ಗೊಳಗೊಳ ಎಂದಿತು.

"ನುಂಗಿದ!" ಎಂದರು ಮೂವರೂ.

ಉಮಾಶ್ರೀ ಕಿಟಕಿಯ ಕಡೆ ಮುಖ ಮಾಡಿದಳು. ಇವನೇ ಅವಳಿಗೆ ನರ್ಸಿಂಗ್ ಕಲಿಸಬೇಕೆಂದು ಅವಳಪ್ಪನ ಕೂಡ ಎರಡು ದಿನ ಜಗಳಾಡಿದ ದೊಡ್ಡಪ್ಪ. ಅವನಿಗಾಗಿ ಒಂದು ಹನಿ ಕಣ್ಣೀರು ಹಾಕಲು ಈ ಮಂದಿ ಬೆಳಗಿನಿಂದ ಪುರಸತ್ತು ಕೊಟ್ಟಿರಲಿಲ್ಲ. ಅಷ್ಟರಲ್ಲಿ ಅವಳ ಬೆರಳು ತಾನಾಗಿಯೇ ಕಂಬಳಿಯ ಕೆಳಗೆ ಸರಿದು ಮುದುಕನ ಕೊರಳು ಮುಟ್ಟಿತು. ಏನೋ ಮಿಡಿಯಿತು. ತಡೆದು ಮತ್ತೆ ಹಿಡಿದಳು. ಮಿಡಿಯುತ್ತಿದ್ದದ್ದು ಅವಳ ಬೆರಳಿನದೇ ನಾಡಿ. ಇವರ ಜೋಡಿ ಇನ್ನೊಂದು ತಾಸು ಕೂತರೆ ತನಗೂ ಹುಚ್ಚು ಹಿಡಿಯುವುದು ಖಂಡಿತ ಎನಿಸಿ, ಕೈ ಹಿಂದಕ್ಕೆ ತೆಗೆದುಕೊಂಡಳು.

ಆಸ್ಪತ್ರೆಯಲ್ಲಿ ಆ ಹೊತ್ತು ಇದ್ದವನು ಡಾಕ್ಟರ್ ವಿಜಯ, ಕೆಲಸಕ್ಕೆ ಸೇರಿ ವರ್ಷವಾಗಿರದ ಎಳೆಯ ಡಾಕ್ಟರು. ಒಂದು ಸಲ ಮುಟ್ಟಿ ನೋಡಿ, ಉಮಾಶ್ರೀಯನ್ನು ಬದಿಗೆ ಕರೆದ. "ಸಿಸ್ಟರ್, ನೀವ ಇದ್ದೂ ತಂದೀರಲ್ಲರೀ? ಹೊರಗ ಅರವತ್ತ ಮಂದಿ ಪೇಶಂಟ್ ಅದಾರ."

"ನಾ ತಂದಿಲ್ಲ ಸರ್, ನನ್ನ ತಂದಾರ. ಒಂದ ಇಸಿಜಿ ಮಾಡಿ ತೋರಿಸ್ರಿ, ಇಲ್ಲಂದ್ರ ಇವ್ರು ಇಲ್ಲಿಂದ ಏಳಂಗಿಲ್ಲ."

ಇಸಿಜಿಯ ಗೆರೆ ಹಲಗೆಯ ಹಾಗೆ ಸಪಾಟಾಗಿ ಬರತೊಡಗಿತು. ನಡುವೆ ಒಮ್ಮೆ ನಡುಗಿತು. "ಅಲ್ಲಿ! ಅಲ್ಲಿ ನೋಡ್ರಿ!" ಎಂದು ಶಶಿಕಾಂತ ಹಾರಿದ. ಡಾಕ್ಟರು ನೋಡಿದರೆ ಅವನೇ ಅಪ್ಪನ ಕಾಲು ಹಿಡಿದು ಅಲುಗಾಡಿಸುತ್ತಿದ್ದ. ಅವನ ಕೈ ಬಿಡಿಸಿ ಇನ್ನೊಂದು ಸಲ ತೆಗೆದರು. ಗೆರೆ ಅಲ್ಲಾಡಲಿಲ್ಲ. ಡಾಕ್ಟರು ಕನ್ನಡದಲ್ಲಿ ಹೇಳಿದ, ಬರೆದುಕೊಟ್ಟ, ಬೆಳಿಗ್ಗೆಯಿಂದ ಉಮಾಶ್ರೀ ಬಡಿದುಕೊಂಡ ಅದೇ ಮಾತನ್ನು ಅವಳು ಹೇಳಿದ ಕ್ರಮದಲ್ಲೇ ಹೇಳಿದ. ಎಲ್ಲರೂ ತಲೆಯಾಡಿಸಿದರು. "ಡಾಕ್ಟರ್ ಹೇಳಿದ ಮ್ಯಾಲ ಮುಗೀತು," ಎಂದ ಯಮನಪ್ಪ ಕಾಕಾ. ಅವಳು ಆ ಕಾಗದವನ್ನು ಮಡಚಿ ಶಶಿಕಾಂತನ ಅಂಗಿಯ ಕಿಸೆಗೆ ತಾನೇ ತುರುಕಿದಳು.

ತುಬಚಿಗೆ ಮರಳುವಾಗ ನಾಲ್ಕು ಗಂಟೆಯಾಗಿತ್ತು. ಅಂಗಳದಲ್ಲಿ ಬೆಳಿಗ್ಗೆಗಿಂತ ಮೂರು ಪಟ್ಟು ಮಂದಿ. ಶಶಿಕಾಂತ ಹೊರಡುವ ಮೊದಲೇ ಆ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದ್ದನಂತೆ. ಅದು ಬನಹಟ್ಟಿ, ಮುಧೋಳ, ಬೀಳಗಿ ಎಲ್ಲ ಸುತ್ತಿ, ಸತ್ತವನು ಮಾತಾಡಿದ ಎಂದು ಮಂದಿ ಬೈಕು ಹತ್ತಿ ಬಂದಿದ್ದರು.

ಹೆಣವನ್ನು ಪಡಸಾಲೆಗೆ ಇಳಿಸಿದರು. ಗಾಡಿಯಲ್ಲಿ ಅಲುಗಬಾರದೆಂದು ಬಲಗೈಯ ಕೆಳಗೆ ದಿಂಬು ಕೊಟ್ಟಿದ್ದರು. ಅಷ್ಟು ಹೊತ್ತಿಗೆ ಮೈಯೆಲ್ಲ ಸೆಟೆದಿತ್ತು. ಮಹಾಲಿಂಗ ದಿಂಬು ಎಳೆದ. ಕೈ ಕೆಳಗೆ ಬೀಳಲಿಲ್ಲ. ಬೆರಳು ಅರ್ಧ ಮಡಚಿಕೊಂಡು ಗಾಳಿಯಲ್ಲಿ ಹಾಗೇ ನಿಂತಿತು.

ಹಿಂದಿನಿಂದ ಯಾರೋ, "ಆಶೀರ್ವಾದ ಮಾಡಾಕತ್ತಾನ! ಬೀರಪ್ಪ ದೇವ್ರು ಮೈಯಾಗ ಬಂದಾನ!" ಎಂದರು. ಮುಂದಿನ ಸಾಲಿನವರು ಕೈಮುಗಿದರು. ಯಮನಪ್ಪ ಕಾಕಾ, ಡಾಕ್ಟರು ಹೇಳಿದ ಮೇಲೆ ಮುಗೀತು ಎಂದವನು, ಎಲ್ಲರಿಗಿಂತ ಮೊದಲು ಅಡ್ಡಬಿದ್ದ.

"ಅದು ಸೆಟದೈತಿ!" ಉಮಾಶ್ರೀಯ ದನಿ ಒಡೆಯಿತು. "ಸತ್ತ ಏಳೆಂಟ ತಾಸಿಗೆ ಮೈ ಕಟಿಗಿ ಆಕ್ಕೈತಿ, ಹೆಂಗ ಇಟ್ಟಿದ್ರಿ ಹಂಗ ನಿಂದರತೈತಿ. ಆಶೀರ್ವಾದನೂ ಇಲ್ಲ, ಏನೂ ಇಲ್ಲ. ದೊಡ್ಡಪ್ಪಾ, ಸಾಕ ಇನ್ನ, ನೀನರ ಸುಮ್ಮಕ ಇರೋ!"

ಕೊನೆಯ ಮಾತು ತಾನು ಹೆಣಕ್ಕೆ ಹೇಳಿದ್ದು ಎಂದು ಅವಳಿಗೆ ಆಮೇಲೆ ತಿಳಿಯಿತು. ಅದನ್ನು ಕೇಳಿದ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಮಾಶ್ರೀ ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲು ಮುಂದಕ್ಕೆಳೆದಳು. ಒಳಗೆ ಉಳಿದವರು ಅವಳು, ಸಾತವ್ವ, ನಡುವೆ ಕೈ ಎತ್ತಿಕೊಂಡ ಜಕ್ಕಪ್ಪ.

"ದೊಡ್ಡವ್ವಾ, ಇಲ್ಲಿ ಬಾ. ಕೈ ಕೊಡು. ನೀನ ಮುಟ್ಟಿ ನೋಡು, ದವಡಿ ನೋಡು, ಮೊಳಕೈ ನೋಡು..."

ಸಾತವ್ವ ಕೈ ಕೊಡಲಿಲ್ಲ. ಬಾಗಿಲ ಸಂದಿಯಲ್ಲಿ ಹೊರಗೆ ಇಣುಕಿ, ದನಿ ತಗ್ಗಿಸಿ ಕೇಳಿದಳು: "ಪೂನಿ ಎಲ್ಲಿ ಬಂದಾಳಂತ?"

ಉಮಾಶ್ರೀ ಅವಳ ಮುಖ ನೋಡಿದಳು. ಅಲ್ಲಿ ಹೆದರಿಕೆಯೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ.

"ನಿನಗ ಗೊತ್ತಿತ್ತು."

"ನಲವತ್ತ ವರ್ಷ ಕುರಿ ಕಾದೇನವಾ. ಸತ್ತ ಕುರಿ ಹೆಗಲಿಗೆ ಹಾಕ್ಕೊಂಡ್ರ ಒದರತೈತಿ. ಮೊದಲನೇ ಸಲ ಒದರಿದಾಗ ನಾನೂ ಒಗದ ಓಡಿದ್ದೆ. ಸಂಜಿಕ ಅದರ ಕಾಲ ಸೆಟದ ನಿಂತಿರತಾವು. ಇದನ್ನ ತಿಳಕೊಳ್ಳಾಕ ನರ್ಸ ಆಗಬೇಕೇನ?"

"ಮತ್ತ ಕರದಾ ಅಂದೆಲ್ಲ? ಸಾತಾ ಅಂತ ಕರದಾ ಅಂತ ಎದಿ ಬಡಕೊಂಡೆಲ್ಲ?"

"ಐವತ್ತ ವರ್ಷದಾಗ ಏ, ಇಕಿ ಅನ್ನೂದ ಬಿಟ್ಟ ಒಮ್ಮಿ ಹೆಸರ ಹಿಡದ ಕರದಾಂವಲ್ಲ. ಸತ್ತ ಮ್ಯಾಲ ಕರೀತಾನೇನ?" ಸಾತವ್ವ ಗಂಡನ ಮೈಮೇಲಿನ ಕಂಬಳಿ ಸರಿಮಾಡಿದಳು. "ಹನ್ನೆರಡಕ್ಕ ಮಣ್ಣ ಅಂದ್ರು. ನನ್ನ ಮಾತ ಯಾರ ಕೇಳಬೇಕಾಗಿತ್ತು? ಅಂವಾ ಒದರಿದ್ದು ಛಲೋ ಆತು ಅನಿಸಿತು. ಆಸರಾ ಸಿಕ್ಕಂಗ ಆತು."

ಉಮಾಶ್ರೀ ನೆಲದ ಮೇಲೆ ಕುಕ್ಕರಿಸಿದಳು. ಹಂಪುಗಳು, ತಂಬಿಗೆ, ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತದ್ದು, ಎಲ್ಲ ಒಟ್ಟಿಗೆ ನೆತ್ತಿಗೇರಿತು. "ನನಗರ ಹೇಳಬಾರದೇನ ಮುದುಕಿ? ಮುಂಜಾನಿಂದ ಒದರಿ ಒದರಿ ಗಂಟಲ ಹರಕೊಂಡೇನಿ!"

"ನಿನಗ ಹೇಳಿದ್ರ ನಿನ್ನ ಮಾರ್ಯಾಗ ಕಾಣತಿತ್ತು. ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಈಗ ಎಲ್ಲಿ ಬಂದಾಳ ಹೇಳು."

ಫೋನು ನೋಡಿದರೆ ಅಭಿನಂದನ ಹತ್ತು ನಿಮಿಷದ ಹಿಂದೆ ಮೆಸೇಜು ಹಾಕಿದ್ದ: ಅಥಣಿ ದಾಟಿದೆವು. ಹೊರಗೆ ಮಹಾಲಿಂಗ ಬಾಗಿಲು ಬಡಿದ. "ಉಮಾ, ಆತೇನು? ಕೈ ಹೆಂಗರ ಇರವಲ್ದ್ಯಾಕ, ಹೊತ್ತ ಮುಳುಗೂದ್ರಾಗ ಎತ್ತಬೇಕು."

ಉಮಾಶ್ರೀ ಎದ್ದು ಸೀರೆ ಝಾಡಿಸಿ ಬಾಗಿಲು ತೆರೆದಳು. ವಾರ್ಡಿನಲ್ಲಿ ರೋಗಿಗಳ ಕಡೆಯವರಿಗೆ ಹೇಳುವ ಗಟ್ಟಿ ದನಿಯಲ್ಲಿ ಹೇಳಿದಳು: "ಹಿಂಗ ಸೆಟದಾಗ ಕೂಡಸಾಕ ಹೋದ್ರ ಎಲುವ ಮುರೀತಾವು ಅಣ್ಣಾ. ಬಿಸಿನೀರಾಗ ಅರಬಿ ಅದ್ದಿ ಸಂದಿಗೆಲ್ಲ ಕಾವ ಕೊಡಬೇಕು. ಸಡಲ ಆಗಾಕ ಒಂದ ತಾಸ ಬೇಕ."

ಸಂದುಗಳನ್ನು ಎರಡು ಕೈಯಿಂದ ಗಟ್ಟಿಯಾಗಿ ಮಡಚಿದರೆ ಹತ್ತು ನಿಮಿಷದ ಕೆಲಸ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಹಾಲಿಂಗ ಹೆಂಗಸರ ಕಡೆ ತಿರುಗಿದ. "ನೀರ ಕಾಸ್ರಿ," ಎಂದ. ಅಂಗಳದ ಮಂದಿಯೂ, "ನರ್ಸಬಾಯಿ ಹೇಳಿದಂಗ ಕೇಳ್ರಿ, ಆಕಿಗೆ ಗೊತ್ತಿರತೈತಿ," ಎಂದರು. ಬೆಳಗಿನಿಂದ ಸಂಜೆಯವರೆಗೆ ಹೇಳಿದ ಖರೇ ಮಾತು ಒಂದೂ ಇವರ ಕಿವಿಗೆ ಬಿದ್ದಿರಲಿಲ್ಲ. ಮೊದಲ ಸುಳ್ಳಿಗೆ ಎರಡು ಕೊಡ ಬಿಸಿನೀರು ಬಂತು.

ಕಾರು ಬಂದದ್ದು ಐದೂಕಾಲಿಗೆ. ಅದು ನಿಲ್ಲುವ ಮೊದಲೇ ಪೂನಮ್ ಬಾಗಿಲು ತೆರೆದು ಇಳಿದಳು. ಮಂದಿ ದಾರಿ ಬಿಟ್ಟರು. ಶಶಿಕಾಂತ ಮುಖ ತಿರುವಿದ. ಮಹಾಲಿಂಗ ಹೊಸ್ತಿಲಲ್ಲಿ ಅಡ್ಡ ನಿಂತವನು, ಅವಳ ಮುಖ ನೋಡಿ ಯಾಕೋ ಒಂದು ಹೆಜ್ಜೆ ಬದಿಗೆ ಸರಿದ. ಅವಳು ಅಳುತ್ತಿರಲಿಲ್ಲ. ಅವಳ ಕೈಯಲ್ಲಿ ಫೋನಿತ್ತು.

"ಉಮಕ್ಕಾ, ಈಗ ಹೆಂಗ ಅದಾನ? ಜಮಖಂಡಿಗೆ ಒಯ್ದಿದ್ರಂತಲ್ಲ, ಮತ್ತ ಮನಿಗ್ಯಾಕ ತಂದ್ರಿ? ಐಸಿಯೂದಾಗ ಇಡಲಿಲ್ಲೇನ?"

ಉಮಾಶ್ರೀಗೆ ಮೊದಲು ಅರ್ಥವಾಗಲಿಲ್ಲ. ಹುಡುಗಿಯ ಕೈಯಲ್ಲಿನ ಫೋನು ನೋಡಿದಾಗ ತಿಳಿಯಿತು. ಸಾತಾರಾ ಹತ್ತಿರ ಬರುವಾಗ ಯಾರೋ ಕಳಿಸಿದ ಆ ವಿಡಿಯೋ ನೋಡಿ, ಅಲ್ಲಿಂದ ಇಲ್ಲಿಯವರೆಗೆ ಹುಡುಗಿ ಅಪ್ಪ ಬದುಕಿದ್ದಾನೆಂದೇ ಬಂದಿದ್ದಳು. ಹಿಂದೆ ನಿಂತ ಅಭಿನಂದನ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ, ನಾ ಎಷ್ಟು ಹೇಳಿದರೂ ಕೇಳಲಿಲ್ಲ ಎಂಬಂತೆ.

ಹೇಳಬೇಕು ಎಂದು ಉಮಾಶ್ರೀ ಬಾಯಿ ತೆರೆದಳು. ದಿನವಿಡೀ ನೂರು ಮಂದಿಗೆ ಸಿಟ್ಟಿನಿಂದ ಹೇಳಿದ ಎರಡು ಶಬ್ದ ಈಗ ಈ ಒಬ್ಬಳಿಗೆ ಹೇಳಲಾಗಲಿಲ್ಲ.

ಸಾತವ್ವ ಎದ್ದು ಬಂದಳು. ಇಬ್ಬರು ಗಂಡುಮಕ್ಕಳ ಎದುರಿಗೆ, ಯಮನಪ್ಪ ಕಾಕಾನ ಎದುರಿಗೆ, ಅಂಗಳದ ಅಷ್ಟೂ ಮಂದಿಯ ಎದುರಿಗೆ ಮಗಳ ಎರಡೂ ಭುಜ ಹಿಡಿದಳು.

"ಇಲ್ಲ ಮಗಳ. ನಿಮ್ಮಪ್ಪ ಮುಂಜಾನಿನ ಹೋಗ್ಯಾನ. ಮಾತಾಡಿದಾ ಅಂತ ನಾನ ಸುಳ್ಳ ಹೇಳಿದೆ. ನೀ ಬರೂದ್ರಾಗ ಮಣ್ಣಾಗ ಇಡತಿದ್ರು. ಹಿಂಗ ನಿನಗ ಮುಟ್ಟತೈತಿ ಅಂತ ನನಗ ತಿಳೀಲಿಲ್ಲ. ತಪ್ಪಾತು."

ಪೂನಮ್ ತಾಯಿಯನ್ನು ದಬ್ಬಿದಳು. ದಬ್ಬಿ, ಅಪ್ಪನ ಪಕ್ಕದಲ್ಲಿ ಬಿದ್ದು, ದಾರಿಯುದ್ದಕ್ಕೂ ಕೂಡಿಟ್ಟುಕೊಂಡದ್ದನ್ನೆಲ್ಲ ಅತ್ತಳು. ಸಾತವ್ವ ದಬ್ಬಿಸಿಕೊಂಡ ಜಾಗದಲ್ಲೇ ನಿಂತಿದ್ದಳು. ಯಾರೂ ಅವಳ ಹತ್ತಿರ ಹೋಗಲಿಲ್ಲ.

"ಯವ್ವಾ..." ಎಂದ ಮಹಾಲಿಂಗ. ಶಶಿಕಾಂತ ಮೂಲೆಗೆ ಹೋಗಿ ಫೋನಿನಲ್ಲಿ ಏನೋ ಅಳಿಸುತ್ತ ನಿಂತ. ಊರೆಲ್ಲ ಹರಡಿದ್ದನ್ನು ಅವನೊಬ್ಬನ ಫೋನಿನಿಂದ ಅಳಿಸಿ ಏನು ಉಪಯೋಗ ಎಂದು ಹೇಳುವ ತಾಕತ್ತು ಉಮಾಶ್ರೀಗೆ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಪೂನಮ್ಮಳನ್ನು ಎಬ್ಬಿಸಿದಳು. ಬಿಸಿ ಅರಿವೆ ಅವಳ ಕೈಗೆ ಕೊಟ್ಟು, ಎತ್ತಿದ ತೋಳು ಎಲ್ಲಿ ಹಿಡಿಯಬೇಕು, ಹೇಗೆ ಮೆಲ್ಲಗೆ ಮಡಚಬೇಕು ಎಂದು ತೋರಿಸಿದಳು. ಇಬ್ಬರೂ ಸೇರಿ ಆ ಕೈಯನ್ನು ಇಳಿಸಿ ತೊಡೆಯ ಮೇಲೆ ಇಟ್ಟರು. ಆಗ ಉಮಾಶ್ರೀಗೂ ಅಳು ಬಂತು. ಯಾರೂ ತಡೆಯಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಹೊತ್ತು ಮುಳುಗುವುದರೊಳಗೆ ಜಕ್ಕಪ್ಪನನ್ನು ಹೊಲಕ್ಕೆ ಒಯ್ದು ಕೂಡಿಸಿದರು. ಎತ್ತುವಾಗ, ಇಳಿಸುವಾಗ, ಅಷ್ಟೂ ಮಂದಿ ಕಿವಿ ನಿಮಿರಿಸಿ ನಿಂತಿದ್ದರು. ಏನೂ ಕೇಳಲಿಲ್ಲ. ಗಂಡುಮಕ್ಕಳು ಮಣ್ಣು ಹಾಕಿದ ಮೇಲೆ ಪೂನಮ್ ಯಾರನ್ನೂ ಕೇಳದೆ ಮುಂದೆ ಹೋಗಿ ಮೂರು ಹಿಡಿ ಹಾಕಿದಳು. ಶಶಿಕಾಂತ ಅಣ್ಣನ ಮುಖ ನೋಡಿದ. ಮಹಾಲಿಂಗ ಗುದ್ದಲಿ ಹಿಡಿದವರಿಗೆ, "ಆ ಕಡೆ ಮಣ್ಣ ಎಳೀರಿ," ಎಂದ, ಅಷ್ಟೆ.

ಅಭಿನಂದನ ದೂರದಲ್ಲಿ, ಹೊಲದ ದಾರಿಗೆ ಅಡ್ಡ ನಿಲ್ಲಿಸಿದ ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದ. ಮಂದಿ ಚದುರತೊಡಗಿದಾಗ ಮಹಾಲಿಂಗ ಅವನ ಹತ್ತಿರ ಹೋದ. ಉಮಾಶ್ರೀ ಮತ್ತೊಂದು ಜಗಳ ಬಿಡಿಸಬೇಕಾದೀತೆಂದು ಬೇಗ ಬೇಗ ಹಿಂದೆ ನಡೆದಳು.

"ಗಾಡಿ ಇಲ್ಲಿ ನಿಂದರಿಸಬ್ಯಾಡ್ರಿ," ಎಂದ ಮಹಾಲಿಂಗ, ಅವನ ಮುಖ ನೋಡದೆ, ಕಾರಿನ ಗಾಲಿ ನೋಡುತ್ತ. "ಕಬ್ಬಿನ ಟ್ರ್ಯಾಕ್ಟರ ಬರತಾವು. ಮನಿ ಅಂಗಳದಾಗ ತಂದ ಹಚ್ಚರಿ."